ಹಾಲವ್ವನ ಕರಿ ಡಬ್ಬಿ

ಹಿರೇಬೆಂಡಿಗೇರಿಯಲ್ಲಿ ಆ ಕಾಲಕ್ಕೆ ಫೋಟೋ ತೆಗೆಸಿಕೊಳ್ಳಬೇಕೆಂದರೆ ಮೊದಲು ಸಾಯಬೇಕಾಗಿತ್ತು. ಉಳ್ಳವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸುತ್ತಿದ್ದರು. ಸವಣೂರಿಗೆ ಆಳು ಓಡುತ್ತಿದ್ದ. ಅಲ್ಲಿಂದ ಫೋಟೋದ ಸಿರಾಜುದ್ದೀನ ಮೂರು ಕಾಲಿನ ಕ್ಯಾಮೆರಾ ಹೊತ್ತು ಬಂದು, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಹೆಣದ ಸುತ್ತ ಕೂತವರಿಗೆ "ಅಲ್ಲಾಡಬ್ಯಾಡ್ರಿ" ಎನ್ನುತ್ತಿದ್ದ. ಸತ್ತವರಿಗೆ ಆ ಮಾತು ಹೇಳಬೇಕಾಗಿರಲಿಲ್ಲ. ಅದಕ್ಕೇ ಆ ಫೋಟೋಗಳಲ್ಲಿ ಹೆಣದ ಮುಖವೊಂದೇ ಸ್ವಚ್ಛವಾಗಿ ಮೂಡುತ್ತಿತ್ತು, ಬದುಕಿದವರೆಲ್ಲ ಮಸುಕು. ಸಿರಾಜುದ್ದೀನ ಯಾವತ್ತಾದರೂ ಎಳ್ಳುಂಡೆ ತಗೊಳ್ಳಲಿಕ್ಕೆ ಬರಿಗೈಯಲ್ಲಿ ಊರೊಳಗೆ ಬಂದರೂ ಹೆಂಗಸರು ತಮ್ಮ ಕೂಸುಗಳನ್ನು ಒಳಗೆ ಎಳೆದುಕೊಂಡು ಕದ ಮುಂದು ಮಾಡುತ್ತಿದ್ದರು.

ಅಂಥ ಊರಿಗೆ ಬದುಕಿದವರ ಫೋಟೋ ತೆಗೆಯುವ ಡಬ್ಬಿ ತಂದವನು ಪರಮೇಶಪ್ಪ. ಅಣ್ಣ ಕುಬೇರಪ್ಪ ಹೊಲ ನೋಡುತ್ತಿದ್ದ, ತಮ್ಮ ಪರಮೇಶಪ್ಪ ಹತ್ತಿಯ ಗಾಡಿ ಹೊಡೆಸಿಕೊಂಡು ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದ. ಹಾಗೆ ಹೋದಾಗ ಒಮ್ಮೆ ಹೆಂಡತಿ ಹಾಲವ್ವನಿಗೆ ಕುಪ್ಪಸದ ಖಣ ತರುತ್ತೇನೆಂದು ಹೇಳಿ ಹೋದವನು ಈ ಡಬ್ಬಿ ತಂದ. ಇಟ್ಟಿಗೆಯಷ್ಟು ದೊಡ್ಡದು, ಕರಿ ಬಣ್ಣ, ಮುಂದೊಂದು ಕಣ್ಣು, ಪಕ್ಕದಲ್ಲಿ ಒತ್ತುವುದಕ್ಕೆ ಒಂದು ಚಿಕ್ಕ ಹಿಡಿಕೆ. ಹೊಟ್ಟೆಯ ಹತ್ತಿರ ಹಿಡಿದುಕೊಂಡು ಮೇಲಿನ ಬೆರಳಗಲದ ಗಾಜಿನೊಳಗೆ ಬಗ್ಗಿ ನೋಡಬೇಕು. ಒಂದು ರೀಲಿಗೆ ಎಂಟು ಫೋಟೋ. ಪರಮೇಶಪ್ಪ ಎತ್ತುಗಳನ್ನು ತೆಗೆದ, ಬಾವಿ ತೆಗೆದ, ಮೊಸರು ಕಡೆಯುತ್ತಿದ್ದ ಹೆಂಡತಿಯನ್ನು ಬೆನ್ನಿನ ಕಡೆಯಿಂದ ತೆಗೆದ. ಅವನನ್ನು ಮಾತ್ರ ಯಾರೂ ತೆಗೆಯಲಿಲ್ಲ, ಡಬ್ಬಿ ಯಾವಾಗಲೂ ಅವನ ಕೈಯಲ್ಲೇ ಇರುತ್ತಿತ್ತಲ್ಲ.

ಮದುವೆಯಾಗಿ ಏಳು ವರ್ಷಕ್ಕೆ, ಮಕ್ಕಳಿಲ್ಲದೆ, ಎಂಟು ದಿನದ ಜ್ವರದಲ್ಲಿ ಪರಮೇಶಪ್ಪ ಹೋದ. ಸಿರಾಜುದ್ದೀನ ಬಂದ, "ಅಲ್ಲಾಡಬ್ಯಾಡ್ರಿ" ಎಂದ. ಇಪ್ಪತ್ತಮೂರರ ಹಾಲವ್ವನ ಪಾಲಿಗೆ ಗಂಡನ ಮುಖವೆಂದು ಉಳಿದದ್ದು ಅದೊಂದೇ: ಅರೆಗಣ್ಣು, ಕೊರಳಲ್ಲಿ ಚೆಂಡುಹೂವಿನ ಮಾಲೆ, ಕೆಳದವಡೆ ಜಾರಬಾರದೆಂದು ಕಟ್ಟಿದ ಪಟ್ಟಿ. ನಗುವಾಗ ಆತನ ಎಡಗೆನ್ನೆ ಹೇಗೆ ಮೇಲೇರುತ್ತಿತ್ತು ಎಂಬುದು ಒಂದೊಂದು ದಿನ ಆಕೆಗೆ ನೆನಪಾಗದೆ ಹೋಗುತ್ತಿತ್ತು. ಅಂಥ ದಿನ ಆಕೆ ಯಾರ ಮೇಲಾದರೂ ಹರಿಹಾಯುತ್ತಿದ್ದಳು.

ವರ್ಷ ಕಳೆಯುವುದರೊಳಗೆ ಆಕೆ ಡಬ್ಬಿಯನ್ನು ಸಂದೂಕದಿಂದ ಹೊರಗೆ ತೆಗೆದಳು. ಆಗ ಮನೆಯಲ್ಲಿದ್ದ ಮಕ್ಕಳೆಂದರೆ ಭಾವ ಕುಬೇರಪ್ಪನವು ಎರಡು. ಏಳು ವರ್ಷದ ಫಕ್ಕೀರವ್ವ, ಮೂರು ವರ್ಷದ ಉಳವಪ್ಪ. ಎರಡೂ "ಚಿಗವ್ವಾ" ಎನ್ನುತ್ತ ಹಾಲವ್ವನ ಕಾಲುಕಾಲಲ್ಲೇ ಸುತ್ತುತ್ತಿದ್ದವು. ಮಕ್ಕಳನ್ನು ನೆಟ್ಟಗೆ ನಿಲ್ಲಿಸಿ ತೆಗೆದರೆ ಅವೂ ಹೆಣದಂತೆಯೇ ಮುಖ ಮಾಡುತ್ತವೆಂದು ಆಕೆಗೆ ಒಂದೇ ರೀಲಿಗೆ ತಿಳಿಯಿತು. ಓಡುವಾಗ ತೆಗೆದರೆ ಹೊಗೆ ಮೂಡುತ್ತದೆ. ಅದಕ್ಕೆ ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಹೊಟ್ಟೆಗೆ ಅವುಚಿಕೊಂಡು, ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು, ತನ್ನ ಉಡಿಯೊಳಗೆ ತಾನೇ ನೋಡಿಕೊಳ್ಳುತ್ತ ನಿಂತಿರುತ್ತಿದ್ದಳು. ಮಕ್ಕಳು ತಮ್ಮಷ್ಟಕ್ಕೆ ತಾವು ಒಂದು ಗಳಿಗೆ ನಿಂತಾಗ ಒತ್ತುತ್ತಿದ್ದಳು. ಉಳವಪ್ಪ ಕಡಗೋಲು ನೆಕ್ಕುವುದು. ಫಕ್ಕೀರವ್ವ ಮೊಣಕಾಲಿನ ಗಾಯದ ಹಕ್ಕಳೆ ಕೀಳುತ್ತ ನಾಲಿಗೆ ಹೊರಗೆ ಚಾಚಿದ್ದು. ಹುಡುಗ ಗೋಡೆಗೆ ಉಚ್ಚೆ ಹೊಯ್ಯುತ್ತ, ದೊಡ್ಡ ಪಂಚಾಯಿತಿ ಮಾಡುವವನಂತೆ ಗಂಭೀರವಾಗಿ ಹಿಂದೆ ತಿರುಗಿ ನೋಡಿದ್ದು. ಸವಣೂರಿನಿಂದ ತೊಳೆದು ಬಂದ ಫೋಟೋಗಳನ್ನು ಆಕೆ ಗಂಡನ ಫೋಟೋದ ಸುತ್ತ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದಳು.

ಮಕ್ಕಳ ತಾಯಿ ವೀರವ್ವನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಸತ್ತವನ ಸುತ್ತ ತನ್ನ ಬದುಕಿದ ಮಕ್ಕಳು.

"ಮಂದಿ ಕಣ್ಣೀಲೆ ದೃಷ್ಟಿ ಹಚ್ತಾರ, ಇಕಿ ಡಬ್ಬೀಲೆ ಹಚ್ತಾಳ," ಎಂದು ನೆರೆಮನೆಯ ಯಂಕವ್ವನಿಗೆ ಕೇಳಿಸುವಂತೆ, ಅಂದರೆ ಹಾಲವ್ವನಿಗೂ ಕೇಳಿಸುವಂತೆ, ಬಾವಿಕಟ್ಟೆಯ ಮೇಲೆ ಹೇಳುತ್ತಿದ್ದಳು. "ಒಬ್ಬೊಬ್ಬರ ಉಡಿಯೊಳಗ ಕೂಸಿರ್ತಾವ. ಇಕಿ ಉಡಿಯೊಳಗ ಏನೈತಿ ನೋಡ, ಕರಿ ಡಬ್ಬಿ."

"ಅಕ್ಕಾ," ಎನ್ನುತ್ತಿದ್ದಳು ಹಾಲವ್ವ ಕೊಡ ಜಗ್ಗುತ್ತಲೇ, "ನಿನ್ನ ಮಗನ ಸುಂಬಳಕ್ಕ ದೃಷ್ಟಿ ಹಚ್ಚೋ ಕಣ್ಣು ಇನ್ನೂ ಹುಟ್ಟಿಲ್ಲ. ಮೊದಲ ಅದನ್ನ ಒರಸು."

ವೀರವ್ವ ಮಗನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡತೊಡಗಿದಳು. ಹಾಲವ್ವ ಫೋಟೋ ತೆಗೆದಷ್ಟೂ ಬೊಟ್ಟು ದೊಡ್ಡದಾಯಿತು. ಕಡೆಕಡೆಗೆ ಹುಡುಗನ ಅರ್ಧ ಮುಖ ಬೋಗುಣಿಯ ತಳದಂತೆ ಕಾಣುತ್ತಿತ್ತು, ಅದೂ ಫೋಟೋದಲ್ಲಿ ಬಂತು.

ಕುಬೇರಪ್ಪನ ಸಂಕಟ ಬೇರೆಯದಾಗಿತ್ತು. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು ಮನಸ್ಸು ಮಾಡಿದರೆ ಯಾರನ್ನಾದರೂ ದತ್ತಕ ತೆಗೆದುಕೊಳ್ಳಬಹುದು. ಹಿರೇಕೆರೂರಿನಲ್ಲಿ ಹಾಲವ್ವನ ಅಣ್ಣನಿಗೆ ನಾಲ್ಕು ಗಂಡು ಹುಡುಗರು. ಅದರಲ್ಲೊಬ್ಬನನ್ನು ಕರೆತಂದು ಉಡಿಯಲ್ಲಿ ಹಾಕಿಕೊಂಡಳೆಂದರೆ ಪರಮೇಶಪ್ಪನ ಪಾಲು ಅರ್ಧ ಹೊಲ, ಅರ್ಧ ಮನೆ ಹೋದವೆಂದೇ ಲೆಕ್ಕ. ಕುಬೇರಪ್ಪ ಶಿಗ್ಗಾಂವಿಯಲ್ಲಿ ಬರೆಯಿಸಿ ಒಂದು ಕಾಗದ ತಂದಿಟ್ಟಿದ್ದ: ಗಂಡನ ಪಾಲಿನ ಮೇಲೆ ನನ್ನ ಹಕ್ಕಿಲ್ಲ, ದತ್ತಕ ತೆಗೆದುಕೊಳ್ಳುವುದಿಲ್ಲ, ಇನ್ನು ಮುಂದೆ ತವರಿನಲ್ಲಿ ಇರುತ್ತೇನೆ. ಕೆಳಗೆ ಹಾಲವ್ವನ ಸಹಿಗೆ ಜಾಗ ಬಿಟ್ಟಿತ್ತು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತನಾಡುವ ರೂಢಿ ಇರಲಿಲ್ಲವಾದ್ದರಿಂದ ಆತ ಕಂಬಕ್ಕೆ ಹೇಳುತ್ತಿದ್ದ, ಆಕೆ ಬಾಗಿಲ ಮರೆಯಿಂದ ಕೇಳುತ್ತಿದ್ದಳು.

"ಹಿರೇಕೆರೂರಾಗ ಅವರ ಅಣ್ಣ ಅದಾನ, ಚೊಲೋ ನೋಡ್ಕೊಂತಾನ. ಇಲ್ಲಿದ್ದು ಏನ್ ಮಾಡೋದೈತಿ ಅಂತ ಕೇಳ್ರಿ ಅವರನ್ನ."

ಬಾಗಿಲ ಮರೆಯಿಂದ ಉತ್ತರ ಬರುತ್ತಿತ್ತು: "ಫಕ್ಕೀರೀ, ನಿಮ್ಮಪ್ಪಗ ಹೇಳವಾ, ಚಿಗವ್ವ ಇನ್ನೂ ಓದಾಕತ್ತಾಳಂತ. ಎರಡನೇ ಇಯತ್ತೆ ಕಲತಾಕಿ, ಕಾಗದ ಉದ್ದ ಐತಿ, ತಡ ಆಕ್ಕತಿ."

ಹೀಗೆ ಓದುತ್ತ ಓದುತ್ತ ಎಂಟು ತಿಂಗಳಾಯಿತು. ಹಾಲವ್ವನಿಗೆ ಹೊಲದ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಸಹಿ ಹಾಕಿದರೆ ಈ ಅಂಗಳ ಬಿಡಬೇಕು, ಈ ಎರಡು ಮಕ್ಕಳನ್ನು ಬಿಡಬೇಕು. ಅದು ಆಕೆಯಿಂದ ಆಗುವ ಮಾತಲ್ಲ. ಇದು ಕುಬೇರಪ್ಪನಿಗೂ ಗೊತ್ತಿತ್ತು. ಮಕ್ಕಳು ಆಕೆಯ ಹತ್ತಿರ ಸುಳಿಯದಂತೆ ಮಾಡಿದರೆ ತಾನಾಗಿ ಹೋಗುತ್ತಾಳೆಂದು ಆತ ಹೆಂಡತಿಗೆ ಹೇಳಿ, ಮಕ್ಕಳಿಗೆ ಚಿಗವ್ವನ ಕಡೆ ಹೋಗಬಾರದೆಂದು ಕಟ್ಟುಮಾಡಿದ. ಮೂರು ವರ್ಷದ ಹುಡುಗ ಕಟ್ಟಿಗೆ ನಿಲ್ಲುತ್ತಾನೆಯೇ.

ಸಾವಿರದ ಒಂಬೈನೂರ ಮೂವತ್ತೆಂಟು, ಶ್ರಾವಣ ಕಳೆದ ಮೇಲಿನ ಒಂದು ಸೋಮವಾರ. ಹಾಲವ್ವ ಅಂಗಳದ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಡಬ್ಬಿ ಎದುರಿನ ಒರಳುಕಲ್ಲಿನ ಮೇಲಿತ್ತು. ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು.

"ಚಿಗವ್ವಾ, ಈ ಸಲ ನಾ ಒತ್ತತೇನಿ," ಎಂದು ಫಕ್ಕೀರವ್ವ ಕಾಡಿದಳು.

"ನಾ ಅಂದಾಗ ಒತ್ತು. ಅದರ ಮೊದಲ ಒತ್ತಿದಿ ಅಂದ್ರ ಕೈ ಮುರಿತೇನಿ."

ಉಳವಪ್ಪ ಎಲ್ಲಿಂದಲೋ ಬೆಲ್ಲದ ಹೆಂಟೆ ಹಿಡಿದುಕೊಂಡು ಬಂದು, ಮೊರವನ್ನು ತಳ್ಳಿ, ಚಿಗವ್ವನ ಉಡಿಯೊಳಗೆ ಇಳಿದು ಕೂತ. ಅದೇ ಹೊತ್ತಿಗೆ ಉಳವಿಯ ಕಡೆ ಹೊರಟಿದ್ದ ದಾರಿಹೋಕ ಜಂಗಮ ಅಯ್ಯನೊಬ್ಬ ಜೋಳಿಗೆ ಹಾಕಿಕೊಂಡು ಭಿಕ್ಷೆಗೆಂದು ಅಂಗಳಕ್ಕೆ ಬಂದು ನಿಂತ. ಅವನ ಹಿಂದೆಯೇ ಹೊಲದಿಂದ ಕುಬೇರಪ್ಪ ಬಂದ. ತನ್ನ ಮಗ ಆಕೆಯ ಉಡಿಯಲ್ಲಿ ಕೂತದ್ದು ನೋಡಿದ. ಅಯ್ಯನ ಎದುರು ಅನ್ನುವುದೂ ನೋಡಲಿಲ್ಲ. "ಏಳೋ ಮೇಲೆ, ಎಷ್ಟು ಸಲ ಹೇಳೇನಿ," ಎಂದು ಕೂಗುತ್ತ ಬಂದು ಎರಡೂ ಕೈಯಿಂದ ಹುಡುಗನ ಬಗಲಿಗೆ ಕೈಹಾಕಿ ಜಗ್ಗಿದ. ಹುಡುಗ ಬರಲಿಲ್ಲ. ಚಿಗವ್ವನ ಸೆರಗನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅಪ್ಪ ಬಿಡಲೊಲ್ಲ, ಮಗ ಬಿಡಲೊಲ್ಲ. ಒಂದು ಗಳಿಗೆ ಯಾರೂ ಅಲ್ಲಾಡಲಿಲ್ಲ. ಅಪ್ಪನ ಕೂಗಿಗೆ ಬೆಚ್ಚಿದ ಫಕ್ಕೀರವ್ವನ ಬೆರಳು ಹಿಡಿಕೆಯನ್ನು ಒತ್ತಿಬಿಟ್ಟಿತು.

ಹುಡುಗಿ ಒತ್ತಿದಳೆಂಬುದು ಆ ಗದ್ದಲದಲ್ಲಿ ಹಾಲವ್ವನಿಗೂ ಗೊತ್ತಾಗಲಿಲ್ಲ. ಕುಬೇರಪ್ಪ ಹುಡುಗನನ್ನು ಕಿತ್ತುಕೊಂಡು ಹೋದ. ಅಯ್ಯ ಭಿಕ್ಷೆ ಇಲ್ಲದೆ ಮುಂದಿನ ಊರಿಗೆ ಹೋದ.

ರೀಲು ಮುಗಿದದ್ದು ಕಂಡು ಹಾಲವ್ವ ಅದನ್ನು ಸವಣೂರಿಗೆ ಕಳಿಸಿದಳು. ಸಿರಾಜುದ್ದೀನ ತೊಳೆದು ನೋಡಿ ಬೆರಗಾದ. ಇಪ್ಪತ್ತು ವರ್ಷದಿಂದ ಹೆಣಗಳ ಎದುರು ನಿಂತು ಬೇಸತ್ತಿದ್ದ ಮನುಷ್ಯ. ಇಲ್ಲಿ ನಾಲ್ಕು ಜನ ಬದುಕಿದವರು, ಒಬ್ಬರೂ ಮಸುಕಾಗಿಲ್ಲ, ಒಬ್ಬರೂ ಡಬ್ಬಿಯ ಕಡೆ ನೋಡುತ್ತಿಲ್ಲ. ತನ್ನ ಖುಷಿಗೆ ತಾನೇ ಅದನ್ನು ಮೊಳದಷ್ಟು ದೊಡ್ಡದು ಮಾಡಿ ಅಂಗಡಿಯ ಮುಂದೆ ತೂಗುಹಾಕಿದ. ಗುರುತು ಕೇಳಿದವರಿಗೆಲ್ಲ "ಹಿರೇಬೆಂಡಿಗೇರಿ ಮಂದಿರಿ" ಎಂದ.

ಹಿರೇಬೆಂಡಿಗೇರಿಯವರು ಸವಣೂರ ಸಂತೆಗೆ ಹೋಗುತ್ತಾರೆ. ಹೋದವರು ನೋಡಿದರು. ಹಾಲವ್ವನ ಉಡಿಯಲ್ಲಿ ಹುಡುಗ. ಹುಡುಗನ ಕೈಯಲ್ಲಿ ಬೆಲ್ಲ. ಬಗ್ಗಿ, ಎರಡೂ ಕೈಯಿಂದ ಹುಡುಗನನ್ನು ಆ ಉಡಿಗೆ ಹಾಕುತ್ತಿರುವ ತಂದೆ ಕುಬೇರಪ್ಪ. ಕೂಗಲು ತೆರೆದ ಅವನ ಬಾಯಿ ಫೋಟೋದಲ್ಲಿ ಹಲ್ಲುಬಿಟ್ಟು ನಕ್ಕಂತೆ ಇತ್ತು. ಹಿಂದೆ ಅಯ್ಯ. "ಕೂಸು ಅಳತೈತಿ, ಬಿಡ್ರಿ" ಎನ್ನಲು ಎತ್ತಿದ ಅವನ ಕೈ ಹರಸುತ್ತಿರುವಂತೆ ಇತ್ತು. ಇನ್ನೇನು ಬೇಕು. ದತ್ತಕಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು: ಕೊಡುವವನು, ತಗೊಳ್ಳುವವಳು, ಸಾಕ್ಷಿಗೆ ಜಂಗಮ, ಬಾಯಿ ಸಿಹಿಗೆ ಬೆಲ್ಲ.

ಸಂತೆಯ ಮರುದಿನ ಕಣದಲ್ಲಿ ಒಬ್ಬ ಕುಬೇರಪ್ಪನಿಗೆ ಹೇಳಿದ: "ಚೊಲೋ ಕೆಲಸ ಮಾಡಿದಿ ಬಿಡಪಾ. ತಮ್ಮನ ಹೆಸರು ಉಳಿಸಿದಿ. ಆದರ ಇರೋ ಒಬ್ಬ ಮಗನ್ನ ಕೊಟ್ಟಿ, ಮಂದಿಗೆ ಒಂದು ತುತ್ತು ಹುಗ್ಗಿ ಹಾಕಲಿಲ್ಲಲ್ಲ."

ಕುಬೇರಪ್ಪನಿಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಗಾಡಿ ಕಟ್ಟಿಸಿ ಸವಣೂರಿಗೆ ಹೋದ, ಅಂಗಡಿಯ ಮುಂದೆ ನಿಂತು ನೋಡಿದ. ತನ್ನ ಕೈ ಜಗ್ಗುತ್ತಿತ್ತೆಂದು ತನಗೆ ಗೊತ್ತು. ಆದರೆ ಎಷ್ಟು ಹೊತ್ತು ನೋಡಿದರೂ ಆ ಕೈ ಕೊಡುತ್ತಲೇ ಇತ್ತು. ಫೋಟೋ ಕಿತ್ತುಕೊಂಡು ಬಂದು ಹೆಂಡತಿಯ ಮುಂದೆ ಎಸೆದ.

ವೀರವ್ವ ನೋಡಿದಳು. "ನನ್ನ ಕೇಳದ ಕೊಟ್ಟಿಯಾ ಹಂಗಾರ," ಎಂದಳು ಗಂಡನಿಗೆ.

"ನಿನಗೂ ಹಂಗ ಕಾಣ್ತೈತೇನ?"

"ಕಣ್ಣಿಗೆ ಹಂಗ ಕಾಣ್ತೈತಿ. ನನ್ನ ಕಣ್ಣು ಕೀಳು."

ಆ ವಾರ ಆ ಮನೆಯಲ್ಲಿ ಒಲೆ ಎರಡಾದವು. ವೀರವ್ವ ಮಗನನ್ನು ಕೋಣೆಯೊಳಗೆ ಇಟ್ಟುಕೊಂಡು ಚಿಲಕ ಹಾಕಿದಳು. ಹಾಲವ್ವ ಕುಡಿಯುವ ನೀರಿನ ಕೊಡದಲ್ಲಿ ಯಾರೋ ಉಪ್ಪು ಹಾಕಿದರು. ಯಾರೆಂದು ಆಕೆ ಕೇಳಲಿಲ್ಲ, ಆ ನೀರನ್ನೇ ವೀರವ್ವನ ತುಳಸಿಗೆ ಹೊಯ್ದಳು. ದತ್ತಕವಾಗಿದೆ ಎಂದು ಆಕೆ ಎಲ್ಲೂ ಹೇಳಲಿಲ್ಲ. ಆಗಿಲ್ಲವೆಂದೂ ಹೇಳಲಿಲ್ಲ. ಕೇಳಿದವರಿಗೆ "ಫೋಟೋ ಐತೆಲ್ಲ, ನೋಡ್ಕೋರಿ" ಎಂದಳು. ಈಗ ಆಕೆಯನ್ನು ಹಿರೇಕೆರೂರಿಗೆ ಅಟ್ಟುವಂತಿರಲಿಲ್ಲ. ಅಟ್ಟಿದರೆ ಮಗನ ತಾಯಿಯನ್ನು ಅಟ್ಟಿದಂತೆ.

ಕಡೆಗೆ ಕುಬೇರಪ್ಪನೇ ಪಂಚರನ್ನು ಕರೆದ. ಹಿರಿಯ ಶಿದ್ಲಿಂಗಪ್ಪ ಪಡಸಾಲೆಯ ಗದ್ದುಗೆಯ ಮೇಲೆ ಕೂತು ಫೋಟೋವನ್ನು ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದ.

"ಇದರಾಗ ಮಾತು ಕೇಳಸಂಗಿಲ್ಲಲ್ಲ," ಎಂದ.

"ನಾ ಜಗ್ಗಾಕತ್ತಿದ್ದೆರಿ," ಎಂದ ಕುಬೇರಪ್ಪ.

"ಜಗ್ಗೋ ಮಂದಿ ಹಿಂಗ ಹಲ್ಲು ಕಿಸೀತಾರೇನೋ," ಎಂದ ಪಂಚರಲ್ಲೊಬ್ಬ. ನಾಲ್ಕೈದು ಜನ ನಕ್ಕರು. ಅಯ್ಯನನ್ನು ಹುಡುಕಿಸಬೇಕೆಂದರೆ ಅವನ ಊರು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಸಣ್ಣ ಹುಡುಗಿಯ ಮಾತು ಸಾಕ್ಷಿಯಲ್ಲ. ಉಳಿದವಳು ಹಾಲವ್ವ ಒಬ್ಬಳೇ. ಶಿದ್ಲಿಂಗಪ್ಪ ಬಾಗಿಲ ಕಡೆ ಮುಖ ಮಾಡಿ ಕೇಳಿದ:

"ತಂಗೀ, ವಿಭೂತಿ ಮುಟ್ಟಿ ಹೇಳವಾ. ಕೊಡಾಕತ್ತಿದ್ದನೋ, ಜಗ್ಗಾಕತ್ತಿದ್ದನೋ?"

ಒಳಗಿನ ಕೋಣೆಯಲ್ಲಿ ವೀರವ್ವ ಮಗನ ಬಾಯಿಗೆ ಕೈ ಮುಚ್ಚಿ ಕೂತಿದ್ದಳು. ಒಂದು ಮಾತು. "ಕೊಟ್ಟ" ಎಂದರೆ ಹುಡುಗ ಹಾಲವ್ವನವನು, ಮನೆ ಹಾಲವ್ವನದು, ಇಷ್ಟು ದಿನ ಬಾವಿಕಟ್ಟೆಯ ಮೇಲೆ ತಿಂದ ಮಾತಿಗೆಲ್ಲ ಉತ್ತರ. ಆಕೆಗೆ ಆಸೆ ಇಲ್ಲದಿರಲಿಲ್ಲ. ಆಕೆ ಬಾಗಿಲ ಮರೆ ಬಿಟ್ಟು, ಆ ಮನೆಗೆ ಬಂದ ಮೇಲೆ ಮೊದಲ ಸಲ ಭಾವನ ಎದುರಿಗೇ ಬಂದು ನಿಂತಳು. ಪಂಚರು ಸರಿದು ಕೂತರು.

"ಜಗ್ಗಾಕತ್ತಿದ್ರು," ಎಂದಳು.

ಕುಬೇರಪ್ಪ ಉಸಿರುಬಿಟ್ಟ.

"ಕೊಟ್ರು ಅಂತ ಅಂದಿದ್ರ ಕೂಸು ನನ್ನ ಉಡಿಗೆ ಬರ್ತಿತ್ತು, ನನಗೇನು ಗೊತ್ತಿಲ್ಲಂತ ತಿಳೀಬ್ಯಾಡ್ರಿ. ಆದರ ಭಾವನವರು ಕೊಟ್ರು ಅನ್ನೋ ಮಾತು ಊರಾಗ ಉಳೀತಿತ್ತು. ಗಂಡ ಸತ್ತಾಗ ನನ್ನ ಕೈಯಾನ ಬಳಿ ಒಡಿಯಾಕ ಕಲ್ಲು ತಂದು ಕೊಟ್ಟಾಕಿ ಅಕ್ಕ. ಕಾಗದ ತಂದು ಕೊಟ್ಟವರು ಭಾವನವರು. ಈ ಮನಿಯಾಗ ನನಗ ಕೊಟ್ಟದ್ದು ಅಷ್ಟ. ದಾನಿ ಅನ್ನೋ ಹೆಸರು ಅವರಿಗೆ ನನ್ನ ಬಾಯಿಂದ ಬರಂಗಿಲ್ಲ. ಫೋಟೋದಾಗ ಕೊಟ್ಟಂಗ ಕಾಣ್ತಾರ, ಅದು ಫಕ್ಕೀರಿ ಒತ್ತಿದ್ದು, ಹುಡುಗಾಟ."

ಆಕೆಯೇ ಮುಂದುವರಿಸಿದಳು: "ನಾ ಯಾರನ್ನೂ ದತ್ತಕ ತಗೊಳ್ಳಾಕಿ ಅಲ್ಲ. ಆ ಕಾಗದಕ್ಕೂ ಸಹಿ ಹಾಕಾಕಿ ಅಲ್ಲ. ಮನಿಯಾಗ ನನ್ನ ಅರ್ಧ ಖುಷೀಲೆ ಕೊಡಬ್ಯಾಡ್ರಿ, ಜಗ್ಗಾಡಿಕೊಂತನ ಕೊಡ್ರಿ, ನಾ ಇಲ್ಲೇ ಇರ್ತೇನಿ."

ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದವಳು ಸುಳ್ಳು ಹೇಳಲಿಲ್ಲವೆಂದು ಶಿದ್ಲಿಂಗಪ್ಪ ತೀರ್ಪು ಕೊಟ್ಟ: ಇರುವ ತನಕ ಅರ್ಧ ಮನೆ, ಹೊಟ್ಟೆಗೆ ಸಾಲುವಷ್ಟು ಹೊಲ. ಡಬ್ಬಿ ಆಕೆಯದಾದ್ದರಿಂದ ಫೋಟೋವನ್ನೂ ಆಕೆಗೇ ಕೊಡಿಸಿದ. ಕುಬೇರಪ್ಪ ಎಂಟು ದಿನದೊಳಗೆ ಅಂಗಳದ ನಡುವೆ ಮಣ್ಣಿನ ಗೋಡೆ ಹಾಕಿಸಿದ. ಆಳೆತ್ತರ. ವೀರವ್ವ ಗೋಡೆಯ ತನ್ನ ಕಡೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು.

ಗೋಡೆ ಹಾಕಿದ ಮೇಲೆ ಮಕ್ಕಳಿಗೆ ಹತ್ತಲಿಕ್ಕೆ ಒಂದು ಗೋಡೆ ಸಿಕ್ಕಂತಾಯಿತು. ಹಾಲವ್ವನ ಡಬ್ಬಿಯಲ್ಲಿ ಮುಂದಿನ ಮೂರು ವರ್ಷ ಬಂದದ್ದೆಲ್ಲ ಗೋಡೆಯ ಮೇಲಿನವೇ. ಅಂಚಿನ ಮೇಲೆ ಎರಡು ಕಣ್ಣು ಮತ್ತು ಒಂದು ಜಡೆ. ಜೋತುಬಿದ್ದ ಎರಡು ಕಾಲು, ಒಂದರ ಕಡಗ ಜಾರಿದ್ದು. ಹುಡುಗನ ಕಿವಿ ಹಿಡಿದು ಕೆಳಗೆ ಜಗ್ಗುತ್ತಿರುವ ಬಳೆಗೈ, ಆ ಕೈ ವೀರವ್ವನದು. ಆ ಫೋಟೋ ಬಂದಾಗ ಹಾಲವ್ವ ಗೋಡೆಯ ಮೇಲೆ ಎತ್ತಿ ಹಿಡಿದು, "ಅಕ್ಕಾ, ನಿನ್ನದೂ ಒಂದು ಬಂತು ನೋಡ" ಎಂದಳು. ಆಚೆಯಿಂದ ಸಗಣಿಯ ಉಂಡೆ ಬಂತು.

ಆಮೇಲೆ ಯುದ್ಧ ಜೋರಾಯಿತು. ಸೀಮೆಎಣ್ಣೆ ಹೋಯಿತು, ಸಕ್ಕರೆ ಹೋಯಿತು, ರೀಲೂ ಹೋಯಿತು. ಡಬ್ಬಿ ಗೂಡಿನಲ್ಲಿ ಕೂತಿತು. ನಲವತ್ತನಾಲ್ಕರ ಬೇಸಗೆಯಲ್ಲಿ ಕುಬೇರಪ್ಪ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ರುಮಾಲು ಸುತ್ತಿ ಪಡಸಾಲೆಯಲ್ಲಿ ಕೂರಿಸಿ ಸವಣೂರಿಗೆ ಆಳು ಓಡಿಸಿದರು. ಸಿರಾಜುದ್ದೀನ ಬರಿಗೈಯಲ್ಲಿ ಬಂದ. ಆರು ತಿಂಗಳಿನಿಂದ ತನಗೇ ಫೋಟೋದ ಪ್ಲೇಟು ಸಿಕ್ಕಿಲ್ಲವೆಂದು ಹೇಳಿ, ಹೆಣಕ್ಕೆ ಕೈಮುಗಿದು ಹೋದ. ಊರಿನ ಉಳ್ಳವರಲ್ಲಿ ಫೋಟೋ ಇಲ್ಲದೆ ಮಣ್ಣಿಗೆ ಹೋದವನು ಕುಬೇರಪ್ಪ ಒಬ್ಬನೇ.

ದಿವಸದ ಕಾರ್ಯ ಮುಗಿದ ಮೇಲೆ ಫಕ್ಕೀರವ್ವ ಗೋಡೆ ಸುತ್ತಿ, ಬಾಗಿಲಿನಿಂದಲೇ ಚಿಗವ್ವನ ಮನೆಗೆ ಬಂದಳು. ಹದಿಮೂರರ ಹುಡುಗಿ, ಬಂಕಾಪುರಕ್ಕೆ ಕೊಟ್ಟಿದ್ದರು, ತಂದೆಯ ಮಣ್ಣಿಗೆಂದು ಬಂದವಳು.

"ಚಿಗವ್ವಾ, ಅಪ್ಪನ ಮಾರಿ ಎಲ್ಲೂ ಇಲ್ಲ. ಅವ್ವ ಕೇಳಂತ ಹೇಳಿಲ್ಲ, ನಾನ ಬಂದೇನಿ."

"ನಿಮ್ಮವ್ವ ಬಾಗಲದಾಗ ನಿಂತು ಕಳಿಸ್ಯಾಳ. ನೆರಳು ಕಾಣ್ತೈತಿ."

ಹಾಲವ್ವ ಗೋಡೆಯ ಮೇಲಿನ ಗಂಡನ ಫೋಟೋದ ಕಡೆ ನೋಡಿದಳು. ತನ್ನ ಗಂಡನ ಬದುಕಿದ ಮುಖಕ್ಕಾಗಿ ತಾನು ಯಾರ ಬಾಗಿಲಿಗೆ ಹೋಗಬೇಕಿತ್ತು? ಕಡೆಗೆ ಎದ್ದು ಪಂಚರು ನೋಡಿದ್ದ ಆ ಮೊಳದ ಫೋಟೋವನ್ನು ಗೋಡೆಯಿಂದ ಇಳಿಸಿದಳು. ಕುಬೇರಪ್ಪ ಬದುಕಿದ್ದಾಗಿನದು ಜಗತ್ತಿನಲ್ಲಿ ಅದೊಂದೇ.

"ಚಿಗವ್ವ ಕೊಟ್ಲು ಅಂತ ಹೇಳಬ್ಯಾಡ," ಎಂದಳು. "ನಾನ ಜಗ್ಗಿಕೊಂಡು ಬಂದೆ ಅಂತ ಹೇಳು."

ವೀರವ್ವ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿ ತರಿಸಿದಳು. ಗಂಡ ಬೇಕು, ಮಗ ಬೇಕು, ಅಯ್ಯ ಇದ್ದರೆ ಇರಲಿ. ಹಾಲವ್ವ ಹೋಗಬೇಕು. ತಲೆಯ ಕಡೆಯಿಂದ ಶುರುಮಾಡಿ ಹೆಗಲು, ತೋಳು, ಮಡಿಲು ಒಂದೊಂದೇ ಕತ್ತರಿಸುತ್ತ ಬಂದಳು. ಮಗನ ಮುಷ್ಟಿಯ ಹತ್ತಿರ ಬಂದಾಗ ಕತ್ತರಿ ನಿಂತಿತು. ಸೆರಗು ಬೆರಳುಗಳ ನಡುವೆ ಹೊಕ್ಕು ಹೊರಗೆ ಬಂದಿತ್ತು. ಅದನ್ನು ತೆಗೆಯಬೇಕೆಂದರೆ ಬೆರಳು ತೆಗೆಯಬೇಕು. ಫೋಟೋದಲ್ಲಿಯಾದರೂ ಮಗನ ಬೆರಳಿಗೆ ಕತ್ತರಿ ಹಚ್ಚುವುದು ಆಕೆಯಿಂದ ಆಗಲಿಲ್ಲ. ಕತ್ತರಿಯನ್ನು ಬೆರಳುಗಳ ಸುತ್ತ ಬಳಸಿ, ಸೆರಗಿನ ತುದಿಯನ್ನು ಅಲ್ಲೇ ಬಿಟ್ಟು, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ಏನೂ ಇಲ್ಲದ ಬಿಳಿ ಜಾಗದ ಎದುರು ಕುಬೇರಪ್ಪ ಬಗ್ಗಿ ನಿಂತಿದ್ದಾನೆ, ಗಾಳಿಯಲ್ಲಿ ಕೂತ ಹುಡುಗನ ಮುಷ್ಟಿಯಲ್ಲಿ ಒಂದು ಚೂರು ಬಟ್ಟೆ.

ಬಂದ ಬೀಗರು ನೋಡಿ ಕೇಳುತ್ತಿದ್ದರು, ಕೂಸು ಏನು ಹಿಡಕೊಂಡೈತಿ ಎಂದು.

"ಏನೋ ಒಂದು ಹಳೇ ಅರಿವಿ," ಎನ್ನುತ್ತಿದ್ದಳು ವೀರವ್ವ.

ಗೋಡೆಯ ಆಚೆಯಿಂದ ಜೋಳ ಕೇರುವ ಸಪ್ಪಳ ನಿಲ್ಲುತ್ತಿತ್ತು. "ಇಳಕಲ್ಲ ಸೀರಿ ಅದು," ಎಂದು ಕೇಳಿಸುತ್ತಿತ್ತು. "ಖರೇ ಹೇಳ ಅವರಿಗೆ."